ಮಹಾಬಲ ರೈಗಳು ಕೇರೆ ನೋಡಿದ್ದು

ಕೆದಂಬಾಡಿಯ ಮಹಾಬಲ ರೈಗಳ ಬದುಕಿನೊಳಗೆ ಹಾವು ಬಂದದ್ದು ಒಂದು ಮೆಟ್ಟಿಲ ದೆಸೆಯಿಂದ. ಅವರು ಆ ಮೆಟ್ಟಿಲು ಹತ್ತಬೇಕಿತ್ತು, ಹತ್ತಲಿಲ್ಲ.

ಹೆಂಡತಿ ಸೀತಕ್ಕನ ತಂಗಿ ದೀಪಶ್ರೀ. ಅವಳ ಮಗ ಸಂಪ್ರೀತನ ನಿಶ್ಚಿತಾರ್ಥ ಕಡಬದ ಒಂದು ಸಭಾಭವನದ ಮಹಡಿಯಲ್ಲಿತ್ತು. ಕಾರಿನಲ್ಲಿ ಜಾಗ ಸಾಲದ್ದರಿಂದ ರೈಗಳೊಬ್ಬರು ಬಸ್ಸಿನಲ್ಲಿ ಹೋದರು. ಜಾಗ ಸಾಲದೆ ಹೋದಾಗ ಯಾರು ಇಳಿಯಬೇಕು ಎಂಬ ಬಗ್ಗೆ ಆ ಕುಟುಂಬದಲ್ಲಿ ಯಾವತ್ತೂ ಚರ್ಚೆ ನಡೆದದ್ದಿಲ್ಲ. ತಡವಾಗಿ ಬಂದು ಬೆವರು ಒರೆಸಿಕೊಳ್ಳುತ್ತ ಸಭಾಭವನ ಹೊಕ್ಕರೆ, ಕೆಳಗಿನ ಹಾಲಿನ ಬಾಗಿಲಲ್ಲೇ ಒಬ್ಬಳು ಹುಡುಗಿ ಪಾನಕ ಕೊಟ್ಟು "ಬನ್ನಿ ಸರ್, ಮುಂದೆ ಕೂತ್ಕೊಳ್ಳಿ" ಎಂದಳು. ನಿವೃತ್ತಿಯವರೆಗೆ ನೆಲ್ಯಾಡಿ ಕಡೆಯ ಒಂದು ಶಾಲೆಯಲ್ಲಿ ಗುಮಾಸ್ತರಾಗಿದ್ದ ರೈಗಳಿಗೆ ಅಂಥ ಮಾತು ಹೊಸದು. ಹುಡುಗಿಯ ಕಡೆಯವರು ಒಳ್ಳೆಯವರೇ ಇರಬೇಕು ಎಂದುಕೊಂಡು ಹೋಗಿ ಮುಂದೆಯೇ ಕುಳಿತರು.

ಪರದೆಯ ಮೇಲೆ ಎರಡು ಹಾವುಗಳು ಹೆಣೆದುಕೊಂಡು ಎದ್ದು ನಿಂತ ವಿಡಿಯೋ ಬಂತು. ಈಗೀಗ ಮದುವೆಗೆ ಮೊದಲು ಎಂತೆಂಥದೋ ವಿಡಿಯೋ ಮಾಡಿಸುತ್ತಾರೆಂದು ಕೇಳಿದ್ದ ರೈಗಳು ಅದಕ್ಕೂ ಆಕ್ಷೇಪ ಎತ್ತಲಿಲ್ಲ. ಆಮೇಲೆ ಮುಫೀದಾ ಎಂಬ ಕಾಲೇಜಿನ ಮೇಡಂ ಮೈಕು ಹಿಡಿದರು. "ಇವು ಎರಡೂ ಗಂಡು ಕೇರೆ. ಇದು ಜಗಳ, ಪ್ರೀತಿ ಅಲ್ಲ" ಎಂದಾಗ ಮಾತ್ರ ರೈಗಳಿಗೆ ಇದು ಸಂಪ್ರೀತನಿಗೆ ಸಂಬಂಧಪಟ್ಟ ವಿಷಯ ಅಲ್ಲ ಎಂದು ಗುಮಾನಿ ಬಂತು. ಆದರೆ ಎಲ್ಲರಿಗಿಂತ ಮುಂದೆ ಕುಳಿತವನು ಎಲ್ಲರ ಎದುರಿಗೆ ಎದ್ದು ಹೋಗುವುದು ಹೇಗೆ?

ಹಾವು ನೋಡುವುದು ಹೇಗೆ ಎಂಬ ಆ ಉಪನ್ಯಾಸದಲ್ಲಿ ಮುಫೀದಾ ಮೇಡಂ ಹೇಳಿದ್ದು ಕಷ್ಟದ ವಿಷಯವೇನಲ್ಲ. ಹಾವನ್ನು ಅದರ ಜಾಗದಲ್ಲಿ, ಅದರ ಪಾಡಿಗೆ ಬಿಟ್ಟು ನೋಡಬೇಕು. ದೂರ ಕೂರಬೇಕು. ಕಾಲಿಗೆ ಬೂಟು ಹಾಕಬೇಕು. ಕೋಲು ಹಾಕಬಾರದು, ಕಲ್ಲು ಎತ್ತಬಾರದು, ಹಿಡಿದು ಫೋಟೋ ತೆಗೆಸಿಕೊಳ್ಳಬಾರದು, ಇಂಥಲ್ಲಿ ಹಾವುಂಟು ಎಂದು ಊರಿಗೆಲ್ಲ ಸಾರಬಾರದು. ಹೇಳಿ ಮುಗಿಸಿ ಅವರು ರೈಗಳ ಕಡೆಗೇ ತಿರುಗಿ ಕೇಳಿದರು: "ನೀವು ಕೇರೆ ನೋಡಿದ್ದೀರಾ ಸರ್?"

ರೈಗಳು ಎದ್ದು ನಿಂತರು. ಶಾಲೆಯಲ್ಲಿ ಅವರ ವಾಕ್ಯಗಳನ್ನು ಹೆಡ್‌ಮಾಸ್ತರು ಮುಗಿಸುತ್ತಿದ್ದರು, ಮನೆಯಲ್ಲಿ ಸೀತಕ್ಕ ಮುಗಿಸುತ್ತಿದ್ದರು. ಇಲ್ಲಿ ಯಾರೂ ಮುಗಿಸುವ ಲಕ್ಷಣ ಕಾಣಲಿಲ್ಲ. ಆದ್ದರಿಂದ ಅವರೇ ಮುಗಿಸಬೇಕಾಯಿತು. ಶಾಲೆಯ ಹಿಂದೆ ಸೋರುವ ನಳ್ಳಿಯ ಬುಡಕ್ಕೆ ಬೇಸಗೆಯ ಮಧ್ಯಾಹ್ನ ಒಂದು ಕೇರೆ ನೀರಿಗೆ ಬರುತ್ತಿತ್ತು. ಹೇಳಿದರೆ ಹೊಡೆದುಹಾಕುತ್ತಾರೆಂದು ತಾನು ಯಾರಿಗೂ ಹೇಳಲಿಲ್ಲ, ಕಿಟಕಿಯಿಂದ ನೋಡುತ್ತಿದ್ದೆ. ನಳ್ಳಿ ರಿಪೇರಿಯಾದ ಮೇಲೆ ಅದು ಬರಲಿಲ್ಲ ಎಂದರು. ಹಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ರೈಗಳು ಅಲ್ಲಿಯೇ ಊಟ ಮಾಡಿದರು. ಮೇಲೆ ನಿಶ್ಚಿತಾರ್ಥ ಅವರಿಲ್ಲದೆಯೂ ಸಾಂಗವಾಗಿ ಮುಗಿಯಿತು.

"ನೀವು ಎಲ್ಲಿ ಹೋಗಿದ್ದದ್ದು?" ಎಂದು ಸೀತಕ್ಕ ಗುಡುಗಿದರು.

"ಕೆಳಗೆ" ಎಂದರು ರೈಗಳು.

ಮರುದಿನವೇ ಪುತ್ತೂರಿನ ದರ್ಬೆ ಪೇಟೆಗೆ ಹೋಗಿ ಮೊಣಕಾಲಿನವರೆಗೆ ಬರುವ ರಬ್ಬರ್ ಬೂಟು ತಂದರು. ಬೂಟು ಬಂದ ಮೇಲೆ ಹಾವು ಸಿಗುವುದು ತಡವಾಗಲಿಲ್ಲ. ಮನೆಯ ಹಿಂದೆ, ನೆರೆಯ ಪೋಕರ್ ಬ್ಯಾರಿಯ ಬೇಲಿಯವರೆಗೆ, ಯಾರಿಗೂ ಬೇಡವಾದ ಒಂದು ತುಂಡು ಜಾಗವಿತ್ತು. ಮನೆ ಕಟ್ಟಿ ಉಳಿದ ಕೆಂಪುಕಲ್ಲಿನ ರಾಶಿ, ಒಂದು ಹುತ್ತ, ಸುತ್ತ ಮುಳ್ಳಿನ ಪೊದೆ. ಬಿಸಿಲೇರಿದ ಮೇಲೆ ಆ ಕಲ್ಲಿನ ಮೇಲೆ ಒಂದು ಕೇರೆ ಬಂದು ಉದ್ದಕ್ಕೆ ಮಲಗುತ್ತಿತ್ತು. ಹಳದಿ ಮಿಶ್ರಿತ ಕಂದು, ಬಾಲದ ಕಡೆಗೆ ಕಪ್ಪು ಗೆರೆ, ಒಂದಾಳಿಗಿಂತ ಉದ್ದ. ರೈಗಳು ಪ್ಲಾಸ್ಟಿಕ್ ಕುರ್ಚಿಯನ್ನು ದೂರದಲ್ಲಿಟ್ಟು, ಬೂಟು ಹಾಕಿ, ಯಾರೋ ತೀರಿಕೊಂಡ ಮನೆಗೆ ಬಂದವರ ಮುಖ ಮಾಡಿಕೊಂಡು ಕೂರುತ್ತಿದ್ದರು. ಸೊಳ್ಳೆ ಕಚ್ಚಿದರೆ ಕೈ ತಾನಾಗಿ ಏಳುತ್ತದೆ. ಕೈ ಎದ್ದರೆ ಹಾವು ಹೋಗುತ್ತದೆ. ಅದಕ್ಕಾಗಿ ಎರಡೂ ಕೈಗಳನ್ನು ಎದೆಯ ಹತ್ತಿರ ಗಟ್ಟಿಯಾಗಿ ಜೋಡಿಸಿ ಹಿಡಿಯುವ ಅಭ್ಯಾಸ ಮಾಡಿಕೊಂಡರು. ಎಲ್ಲ ಅನರ್ಥಕ್ಕೂ ಆ ಸೊಳ್ಳೆಗಳೇ ಮೂಲ.

ಬೇಲಿಯಾಚೆಯ ಪೋಕರ್ ಬ್ಯಾರಿ ಒಂದು ದಿನ ನೋಡಿ ಕೇಳಿದರು. "ಎಂತ ರೈಗಳೇ, ಬಿಸಿಲಿಗೆ ಕೂತದ್ದು?"

"ಕೇರೆ ನೋಡುದು ಪೋಕರಾಕ."

"ನೋಡಿ ಎಂತ ಮಾಡುದು?"

"ಎಂತ ಮಾಡ್ಲಿಕ್ಕಿಲ್ಲ. ನೋಡುದು."

ಪೋಕರ್ ಬ್ಯಾರಿ ಅಡಿಕೆ ವ್ಯಾಪಾರದಲ್ಲಿ ತಲೆ ನರೆಸಿಕೊಂಡವರು. ಎಂತದ್ದೂ ಮಾಡಲಿಕ್ಕಿಲ್ಲದ ಕೆಲಸ ಅವರಿಗೆ ಹೊಸದು. ಸ್ವಲ್ಪ ಹೊತ್ತು ನಿಂತರು. ಕೇರೆ ತಲೆಯೆತ್ತಿ, ನಾಲಿಗೆ ಚಾಚಿ, ಮತ್ತೆ ಮಲಗಿತು. "ಚಂದ ಉಂಟು ಮಾರಾಯ್ರೆ" ಎಂದು ಪಿಸುಗುಟ್ಟಿ, ಮರುದಿನ ತಾವೂ ಒಂದು ಸ್ಟೂಲು ತಂದು ಬೇಲಿಯ ಆಚೆಗೆ ಹಾಕಿಕೊಂಡರು.

ಆದರೆ ಸೀತಕ್ಕ ಕಂಡದ್ದು ಬೇರೆ. ಬಚ್ಚಲಿನ ಬಾಗಿಲಿನಿಂದ ನೋಡಿದರೆ ಅವರಿಗೆ ಕಾಣುತ್ತಿದ್ದದ್ದು ಹುತ್ತ, ಹುತ್ತದ ಎದುರು ಕೈಜೋಡಿಸಿ ಅಲುಗಾಡದೆ ಕುಳಿತ ಗಂಡ. "ಅಲ್ಲಿ ಎಂತ ಮಾಡುದು ನೀವು?" ಎಂದು ಕೇಳಿದರು.

"ಹಾವು ನೋಡುದು. ಅದು ಕೇ…"

ಅಷ್ಟರಲ್ಲಿ ಒಳಗೆ ಫೋನು ರಿಂಗಾಯಿತು. ದೀಪಶ್ರೀಯದು. ಹುಡುಗಿಯ ಕಡೆಯವರು ಸಂಬಂಧ ಬೇಡ ಎಂದರಂತೆ, ಕಾರಣ ಹೇಳುವುದಿಲ್ಲವಂತೆ. ದೀಪಶ್ರೀ ಅತ್ತಳು. ಸಮಾಧಾನಕ್ಕೆ ಬೇರೆ ಮಾತು ತೋಚದೆ ಸೀತಕ್ಕ ಹೇಳಿದರು: "ಎಂತದೋ ಉಂಟು ಮಾರಾಯ್ತಿ. ಇಲ್ಲಿ ನಿನ್ನ ಭಾವನಿಗೆ ದಿನಾ ಹುತ್ತದ ಹತ್ತಿರ ಹಾವು ಕಾಣಿಸಿಕೊಳ್ತದೆ. ಕೈ ಮುಗಿದು ಕೂತು ಬಿಡ್ತಾರೆ."

ಫೋನಿನ ಆಚೆ ಅಳು ನಿಂತಿತು.

ಸಂಜೆಯೊಳಗೆ ಹಾವಿಗೆ ಹೆಡೆ ಬಂತು. ಮರುದಿನ ಅದು ಬಂಗಾರದ ಬಣ್ಣಕ್ಕೆ ತಿರುಗಿತು. ವಾರ ಕಳೆಯುವುದರೊಳಗೆ ಅದು ರೈಗಳ ಕುರ್ಚಿಯ ಬಳಿಗೆ ಬಂದು ಮೂರು ಸಲ ತಲೆಬಾಗಿ ಹೋಗುವ ವಿಷಯ ದರ್ಬೆಯ ಅಂಗಡಿಗಳಲ್ಲಿ ಎಲ್ಲರಿಗೂ ಗೊತ್ತಿತ್ತು. ಜನ ಹಾಲು, ಎಳನೀರು ಹಿಡಿದು ಬಂದರು. ಅಷ್ಟು ಕಾಲು ತುಳಿಯುವಲ್ಲಿ ಯಾವ ಕೇರೆ ಹೊರಗೆ ಬರುತ್ತದೆ? ಹೀಗಾಗಿ ಕಲ್ಲಿನ ಮೇಲೆ ಹಾವನ್ನು ನೋಡಿದವರು ಇಬ್ಬರೇ, ರೈಗಳು ಮತ್ತು ಪೋಕರ್ ಬ್ಯಾರಿ. ನೋಡದವರೆಲ್ಲರೂ ಹೆಡೆ ಕಂಡಿದ್ದರು.

ಸೀತಕ್ಕನ ಅಣ್ಣ ರಾಧಾಕೃಷ್ಣ ರೈಗಳು ಕಾರು ಮಾಡಿಕೊಂಡು ಬಂದರು. ಅವರು ಕುಟುಂಬದ ಯಜಮಾನರು. ದರ್ಬೆಯಲ್ಲಿ ಟೈಲ್ಸ್, ಗ್ರಾನೈಟಿನ ಅಂಗಡಿ ಇಟ್ಟವರು. ಮನೆ, ಜಾಗ ಎರಡೂ ಸೀತಕ್ಕನಿಗೆ ತಾಯಿಯ ಕಡೆಯಿಂದ ಬಂದದ್ದು. ಅದರಲ್ಲಿ ಮಹಾಬಲ ರೈಗಳದ್ದು ಎನ್ನುವಂಥದ್ದು ಬೂಟು ಮತ್ತು ಕುರ್ಚಿ ಮಾತ್ರ. ರಾಧಾಕೃಷ್ಣ ರೈಗಳು ಸುಳ್ಯದ ಕಡೆಯಿಂದ ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸಿದರು. ಕವಡೆ ಹಾಕಿ ಜೋಯಿಸರು ಕೇಳಿದರು: "ಹಿಂದೊಂದು ಕಾಲದಲ್ಲಿ ಇಲ್ಲಿ ಮರ ಇತ್ತಾ?"

ಇಡೀ ಕೆದಂಬಾಡಿಯಲ್ಲಿ ಹಿಂದೊಂದು ಕಾಲದಲ್ಲಿ ಮರವಿಲ್ಲದ ಜಾಗವನ್ನು ತೋರಿಸಲು ಯಾರಿಂದಲೂ ಆಗುತ್ತಿರಲಿಲ್ಲ. "ಇತ್ತು!" ಎಂದು ಎಲ್ಲರೂ ಒಂದೇ ಉಸಿರಿಗೆ ಹೇಳಿದರು. ಹಾಗಾದರೆ ಅದು ಮರೆತುಹೋದ ನಾಗಬನ ಎಂದಾಯಿತು. ಸಂಪ್ರೀತನ ಸಂಬಂಧ ತಪ್ಪಿದ್ದು, ದೀಪಶ್ರೀಯ ಸೊಂಟನೋವು, ರಾಧಾಕೃಷ್ಣ ರೈಗಳ ಅಂಗಡಿಯ ಎದುರು ರಸ್ತೆ ಅಗೆದು ಹಾಗೆಯೇ ಬಿಟ್ಟದ್ದು, ಎಲ್ಲದಕ್ಕೂ ಒಂದೇ ಕಡೆ ಕಾರಣ ಸಿಕ್ಕಿತು. ಪೊದೆ ಸವರಿ ಅಲ್ಲಿ ನಾಗನ ಕಟ್ಟೆ ಕಟ್ಟುವುದು ಎಂದೂ ಆಯಿತು.

ಆಗ ಮಹಾಬಲ ರೈಗಳು ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು. ಒಂದೇ ಉಸಿರಿನಲ್ಲಿ, ಯಾರಿಗೂ ನಡುವೆ ಬರಲು ಎಡೆಯಿಲ್ಲದ ಹಾಗೆ ಹೇಳಿದರು: "ಅದು ನಾಗ ಅಲ್ಲ, ಕೇರೆ!"

ಜೋಯಿಸರು ಕವಡೆಯಿಂದ ಕೈ ತೆಗೆದರು. ಸೀತಕ್ಕ ಸೆರಗು ಬಾಯಿಗೆ ಹಿಡಿದರು.

ರಾಧಾಕೃಷ್ಣ ರೈಗಳ ಕಣ್ಣಲ್ಲಿ ನೀರು ಬಂತು. "ನೋಡಿ! ಇದು ಭಕ್ತಿ ಅಂದರೆ! ಆ ಹೆಸರು ಬಾಯಲ್ಲಿ ತರಬಾರದು ಅಂತ ನಮ್ಮ ಹಿರಿಯರು 'ಹುಳ' ಅಂತಿದ್ರು. ಭಾವ ಅದಕ್ಕಿಂತಲೂ ಒಂದು ಮೆಟ್ಟಿಲು ಮೇಲೆ ಹೋಗಿ 'ಕೇರೆ' ಅಂತಾರೆ!"

ಅಂದಿನಿಂದ ಮಹಾಬಲ ರೈಗಳು "ಕೇರೆ" ಎಂದಾಗಲೆಲ್ಲ ಜನ ಕೈಮುಗಿಯತೊಡಗಿದರು.

ಉಳಿದದ್ದು ಸರಕಾರ ಒಂದೇ. ರೈಗಳು ಬಸ್ಸು ಹಿಡಿದು ಪುತ್ತೂರಿಗೆ ಹೋಗಿ ಅರಣ್ಯ ಇಲಾಖೆಯ ಕಚೇರಿಯ ಮೇಜಿನ ಎದುರು ನಿಂತರು.

"ಹಿಂದಿನ ಜಾಗದಲ್ಲಿ ಒಂದು ಕೇರೆ ಉಂಟು."

"ಹಿಡಿಸಬೇಕಾ?" ಎಂದರು ಅಧಿಕಾರಿ.

"ಬೇಡ."

"ಓಡಿಸಬೇಕಾ?"

"ಬೇಡ ಸರ್. ಅದು ಅಲ್ಲೇ ಇರ್ಲಿ ಅಂತ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಅಲ್ಲೇ ಉಂಟಲ್ಲ ಈಗ?"

"ಉಂಟು."

"ಇರ್ಲಿ ಅಂತಲೂ ನಿಮಗೆ ಉಂಟು?"

"ಉಂಟು."

"ಮತ್ತೆ ನೀವು ಬಂದದ್ದು ಯಾಕೆ?" ಅಧಿಕಾರಿಯ ದನಿಯಲ್ಲಿ ಕೋಪವಿರಲಿಲ್ಲ, ನಿಜವಾದ ಕುತೂಹಲವಿತ್ತು. "ಮನೆಯವರು ಪೊದೆ ಸವರಿ ಕಟ್ಟೆ ಕಟ್ಟುತ್ತಾರೆ ಸರ್" ಎಂದು ರೈಗಳು ಹೇಳಿದಾಗ ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಸ್ವಂತ ಪಟ್ಟಾ ಜಾಗದಲ್ಲಿ ದೇವರ ಕೆಲಸ. ನಾವು ಬಂದು ಎಂತ ಹೇಳುದು? ಹಾವಿಗೆ ತೊಂದರೆ ಕೊಡ್ತಾರಾ?"

"ಇಲ್ಲ ಸರ್. ಪೂಜೆ ಮಾಡ್ತಾರೆ."

"ಪೂಜೆ ಮಾಡಬಾರದು ಅಂತ ನಿಮ್ಮ ದೂರಾ?" ಎಂದು ಅಧಿಕಾರಿ ಸುತ್ತ ಮುತ್ತ ನೋಡಿ ದನಿ ತಗ್ಗಿಸಿದರು. "ಇಲ್ಲಿ ಹೇಳಿದಿರಿ, ಹೊರಗೆ ಹೇಳ್ಬೇಡಿ ಮಾರಾಯ್ರೆ."

ಜೆಸಿಬಿ ಬಂದ ದಿನ ಬೆಳಿಗ್ಗೆ ಮಹಾಬಲ ರೈಗಳು ಬೂಟು ಹಾಕಿದರು. ಕುರ್ಚಿ ತೆಗೆದುಕೊಂಡು ಹೋಗಿ ಜೆಸಿಬಿಯ ಹಲ್ಲಿಗೂ ಕಲ್ಲಿನ ರಾಶಿಗೂ ನಡುವೆ ಹಾಕಿ ಕುಳಿತರು. ಜೆಸಿಬಿಯವನು ಎಂಜಿನ್ ಬಂದ್ ಮಾಡಿದ. "ಏಳಿ ಭಾವ" ಎಂದರು ರಾಧಾಕೃಷ್ಣ ರೈಗಳು. ಮಹಾಬಲ ರೈಗಳು ಏಳಲಿಲ್ಲ. ಸಿಟ್ಟು ಮಾಡಿ ಅಭ್ಯಾಸವಿಲ್ಲದ ದೇಹ ಅದು. ಸಿಟ್ಟು ಬಂದಾಗ ಅದಕ್ಕೆ ನಡುಗುವುದು ಮಾತ್ರ ಗೊತ್ತು. ಮೊದಲು ಗಲ್ಲ ನಡುಗಿತು, ಆಮೇಲೆ ಕೈ, ಆಮೇಲೆ ಕುರ್ಚಿಯ ನಾಲ್ಕೂ ಕಾಲು.

"ಅಯ್ಯೋ, ಭಾವನಿಗೆ ಮೈಮೇಲೆ ಬಂತು!" ಎಂದು ದೀಪಶ್ರೀ ಚೀರಿದಳು.

ಯಾರೋ ಅರಸಿನ ನೀರು ತಂದು ತಲೆಗೆ ಸುರಿದರು. ಯಾರೋ ಅಡಿಕೆ ಮರದ ಹಿಂಗಾರ ತಂದು ಕೈಯಲ್ಲಿಟ್ಟರು. ರಾಧಾಕೃಷ್ಣ ರೈಗಳು ಚಪ್ಪಲಿ ಕಳಚಿ, ತಲೆ ಬಾಗಿಸಿ, "ನಾವು ಮಕ್ಕಳು. ತಪ್ಪಿದ್ರೆ ಹೇಳ್ಬೇಕು. ಎಂತ ಆಗ್ಬೇಕು ಅಂತ ಅಪ್ಪಣೆ ಆಗ್ಬೇಕು" ಎಂದು ಬಿನ್ನವಿಸಿದರು.

"ಬಿಡಿ!" ಎಂದು ಮಹಾಬಲ ರೈಗಳು ಅರಚಿದರು. ಅರಸಿನ ನೀರು ಕಣ್ಣಿಗೆ ಹೋಗಿ ಉರಿಯುತ್ತಿತ್ತು. "ಅದರ ಪಾಡಿಗೆ ಬಿಡಿ! ಆ ಕಲ್ಲು ಮುಟ್ಬೇಡಿ! ಆ ಕಲ್ಲು ಮುಟ್ಬೇಡಿ!"

ಎಲ್ಲರೂ ಯಜಮಾನರ ಮುಖ ನೋಡಿದರು. ರಾಧಾಕೃಷ್ಣ ರೈಗಳು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿ, ತೆರೆದರು. "ಆ ಕಲ್ಲು ಬೇಡ ಅಂತ ಅಪ್ಪಣೆ. ಕೆಂಪುಕಲ್ಲಲ್ಲಿ ಕಟ್ಟುದು ಬೇಡ. ಗ್ರಾನೈಟೇ ಆಗ್ಬೇಕು."

ರೈಗಳನ್ನು ಕುರ್ಚಿ ಸಮೇತ ಎತ್ತಿ ಗೌರವದಿಂದ ಜಗಲಿಗೆ ಸಾಗಿಸಲಾಯಿತು. ಜೆಸಿಬಿ ಅರ್ಧ ದಿನದಲ್ಲಿ ಪೊದೆ, ಬೇರು, ಮಣ್ಣು ಎಲ್ಲವನ್ನೂ ಬಳಿದು ಹಾಕಿತು. ಹುತ್ತವನ್ನು ಉಳಿಸಬೇಕೆಂದೇ ಇತ್ತು, ಆದರೆ ಲೆವೆಲಿಗೆ ಬರಲಿಲ್ಲ. ಕಲ್ಲುಗಳನ್ನು ಮಾರ್ಗದ ಬದಿಗೆ ರಾಶಿ ಹಾಕಿದರು.

ಕೆಲವೇ ದಿನಗಳಲ್ಲಿ ಕರಿ ಗ್ರಾನೈಟಿನ ಕಟ್ಟೆ, ಸುತ್ತ ಇಂಟರ್‌ಲಾಕ್, ಸ್ಟೀಲಿನ ಬೇಲಿ, ಮೇಲೆ ಶೀಟು ಎದ್ದುವು. ಹುಲ್ಲಿನ ಒಂದು ಎಸಳೂ ಏಳದ ಹಾಗೆ ಸಂದುಗಳಿಗೆ ಸಿಮೆಂಟು ತುಂಬಿದರು. ಪ್ರತಿಷ್ಠೆಯ ದಿನ ಬೆಳಿಗ್ಗೆ ಮಹಾಬಲ ರೈಗಳನ್ನು ರೇಷ್ಮೆ ಪಂಚೆ ಉಡಿಸಿ ಎಲ್ಲರಿಗಿಂತ ಮುಂದೆ ಕೂರಿಸಿದ್ದರು. ವಾದ್ಯದ ಸದ್ದು ಎದ್ದಿತ್ತು. ಮೈಕು ಕಿರುಚುತ್ತಿತ್ತು. ರೈಗಳು ಕಟ್ಟೆಯ ಕಡೆ ನೋಡದೆ ಮಾರ್ಗದ ಬದಿಯ ಕಲ್ಲಿನ ರಾಶಿಯ ಕಡೆಗೇ ನೋಡುತ್ತಿದ್ದರು. ಅಡುಗೆಯವರು ಒಲೆ ಹೂಡಲು ಆ ರಾಶಿಯಿಂದ ಒಂದೊಂದೇ ಕಲ್ಲು ತೆಗೆಯುತ್ತಿದ್ದರು. ಕೊನೆಯ ಕೆಲವು ಕಲ್ಲು ಎತ್ತುವಾಗ ಅದು ಹೊರಗೆ ಬಂತು. ಹೋಗಲು ಯಾವ ಕಡೆಗೂ ಪೊದೆಯಿಲ್ಲ. ತಲೆಯೆತ್ತಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿ, ಮಾರ್ಗಕ್ಕೆ ಇಳಿಯಿತು.

ರೈಗಳು ಎದ್ದು ಓಡಿದರು. ಊಟಕ್ಕೆ ಕುರ್ಚಿ ಹೇರಿಕೊಂಡು ಬಂದ ಟೆಂಪೋ ಅವರಿಗಿಂತ ಮೊದಲೇ ಮುಟ್ಟಿತು.

"ಹಾವು! ಹಾವು ಟೆಂಪೋದ ಅಡಿಗೆ ಬಿತ್ತು!" ವಾದ್ಯ ನಿಂತಿತು. ಡ್ರೈವರ್ ಇಳಿದು ಕೈಮುಗಿದು ನಿಂತ. ಹೆಂಗಸರು ಮುಖ ಮುಚ್ಚಿಕೊಂಡರು. ನಾಗನ ಪ್ರತಿಷ್ಠೆಯ ದಿನ, ನಾಗನ ಅಂಗಳದಲ್ಲಿ, ನಾಗನದ್ದೇ ಸಾವು! ಸಂಸ್ಕಾರ ಆಗಬೇಕು, ಸೂತಕ ಬಂತು, ಇಡೀ ಕೆಲಸ ನಿಂತಿತು, ಸಾವಿರ ಜನರ ಅಡುಗೆ ಬೇರೆ ಒಲೆಯ ಮೇಲಿದೆ. ರಾಧಾಕೃಷ್ಣ ರೈಗಳು ಜನರನ್ನು ಸರಿಸಿ ಮುಂದೆ ಬಂದು, ಕನ್ನಡಕ ಏರಿಸಿ, ಬಗ್ಗಿ ನೋಡಿದರು. ಬಾಲದಿಂದ ತಲೆಯವರೆಗೆ ನೋಡಿದರು. ಆಮೇಲೆ ನೇರ ನಿಂತು ಎದೆ ತುಂಬ ಉಸಿರು ಬಿಟ್ಟರು.

"ಥತ್, ಹೆದರಿಸಿಬಿಟ್ರಲ್ಲ! ಇದು ಕೇರೆ ಮಾರಾಯ್ರೆ!"

"ಕೇರೆಯಾ?" "ಕೇರೆಯೇ!" "ಬರೀ ಕೇರೆ!" ಎಂದು ಮಾತು ಹಿಂದಿನ ಸಾಲಿನವರೆಗೆ ಹೋಯಿತು. ಜನ ನಕ್ಕರು. ಡ್ರೈವರ್ ಕೂಡ ನಕ್ಕ.

"ಭಾವ, ಇದೇ ಅದು. ನಾನು ದಿನಾ ನೋಡಿದ್ದು ಇದನ್ನೇ" ಎಂದರು ಮಹಾಬಲ ರೈಗಳು.

ರಾಧಾಕೃಷ್ಣ ರೈಗಳು ಅವರ ಹೆಗಲ ಮೇಲೆ ಕೈಯಿಟ್ಟರು. ತುಂಬ ಮೆಲ್ಲಗೆ, ನಾಲ್ಕು ಜನರ ಎದುರು ಮರ್ಯಾದೆ ಹೋಗದ ಹಾಗೆ ಹೇಳಿದರು: "ಎಂತ ಭಾವ ನೀವು? ಇಷ್ಟು ವರ್ಷ ಶಾಲೆಯಲ್ಲಿದ್ದು ನಾಗನಿಗೂ ಕೇರೆಗೂ ವ್ಯತ್ಯಾಸ ಗೊತ್ತಿಲ್ವಾ?"

ಯಾರೋ ಒಂದು ಕೋಲಿನಿಂದ ಅದನ್ನು ಎತ್ತಿ ಚರಂಡಿಗೆ ಹಾಕಿದರು. ವಾದ್ಯ ಮತ್ತೆ ಶುರುವಾಯಿತು.

ಎಲ್ಲರೂ ಪಾಯಸಕ್ಕೆ ಕುಳಿತಾಗ ರೈಗಳು ಚರಂಡಿಯಲ್ಲಿ ಇಳಿದಿದ್ದರು. ಪೋಕರ್ ಬ್ಯಾರಿ ಹಾರೆ ತಂದರು. ಬೇಲಿಯಾಚೆ ಬ್ಯಾರಿಯ ಜಾಗದ ಕುರುಚಲ ಮಧ್ಯೆ ಇಬ್ಬರೂ ಸೇರಿ ಒಂದು ಗುಂಡಿ ತೋಡಿದರು. ಉದ್ದದ ಹಾವು, ಗುಂಡಿ ಸಾಲದೆ ಸುರುಳಿ ಮಾಡಿ ಇಡಬೇಕಾಯಿತು. ಮುಟ್ಟಬಾರದು ಎಂದು ಇಷ್ಟು ದಿನ ದೂರ ಕುಳಿತ ರೈಗಳು ಅದನ್ನು ಮುಟ್ಟಿದ್ದು ಅದೇ ಮೊದಲ ಸಲ. ಅದರ ಮೈ ಬಿಸಿಲಿಗೆ ಇನ್ನೂ ಬಿಸಿಯಿತ್ತು.

ಸೀತಕ್ಕ ಮಣ್ಣಾದ ರೇಷ್ಮೆ ಪಂಚೆ ನೋಡಿ ಬೈಯಲು ಬಾಯಿ ತೆರೆದವರು ಬೈಯಲಿಲ್ಲ. ಕೈಗೆ ನೀರು ಹೊಯ್ದರು. "ಒಂದು ಸಲ ಬಚ್ಚಲಿನ ಬಾಗಿಲಿಗೇ ಬಂದಿತ್ತು. ಕೇರೆ ಅಂತ ನಾನು ಅವತ್ತೇ ನೋಡಿದ್ದೆ."

ರೈಗಳು ಕೈ ತೊಳೆಯುವುದನ್ನು ನಿಲ್ಲಿಸಿದರು. "ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಗೆ ಹೇಳುದು?" ಸೀತಕ್ಕ ಚೊಂಬಿನ ಒಳಗೆ ನೋಡಿದರು. "ಅಣ್ಣ ನಿಮ್ಮನ್ನು ಇದುವರೆಗೆ ಒಂದು ಸಲ ಆದ್ರೂ ಬಾಯಿ ತುಂಬ ಭಾವ ಅಂತ ಕರೆದದ್ದು ಉಂಟಾ? ಈ ಸಲ ಕರೆದ್ರು. ಜನ ಕೈ ಮುಗಿದ್ರು. ನನಗೆ… ಅಷ್ಟು ಬೇಗ ಅದು ಮುಗಿಯುದು ಬೇಡ ಅಂತ ಆಯ್ತು."

ರೈಗಳು ಮಣ್ಣಾದ ಕಾಲು ಮುಂದೆ ಇಟ್ಟರು. ಉಳಿದ ನೀರನ್ನು ಸೀತಕ್ಕ ಅವರ ಕಾಲಿಗೆ ಹೊಯ್ದರು.

ಮಳೆ ಹಿಡಿಯುವ ಹೊತ್ತಿಗೆ ಕಟ್ಟೆಯಲ್ಲಿ ಇಲಿಗಳ ಉಪದ್ರ ಶುರುವಾಯಿತು. ದೀಪದ ಬತ್ತಿ, ನೈವೇದ್ಯದ ಅವಲಕ್ಕಿ, ಎಲ್‌ಇಡಿಯ ವಯರು ಯಾವುದನ್ನೂ ಅವು ಬಿಡಲಿಲ್ಲ. ಕಟ್ಟೆಗೆಂದು ಆದ ಸಮಿತಿ ಸಭೆ ಸೇರಿ, ಇದುವರೆಗೆ ಇಲ್ಲದ ಇಲಿ ಈಗ ಎಲ್ಲಿಂದ ಬಂತೆಂದು ದೀರ್ಘವಾಗಿ ಚರ್ಚಿಸಿ, ಕಾರಣ ಸಿಗದೆ, ವಿಷ ತರುವುದೆಂದು ತೀರ್ಮಾನಿಸಿತು. ಸಮಿತಿಯ ಗೌರವಾಧ್ಯಕ್ಷರಾದ ಮಹಾಬಲ ರೈಗಳು ಸಭೆಗೆ ಹೋಗಿರಲಿಲ್ಲ. ಅವರು ಪೋಕರ್ ಬ್ಯಾರಿಯ ಜಾಗದಲ್ಲಿ, ಕುರುಚಲಿನಿಂದ ದೂರ, ಕುರ್ಚಿ ಹಾಕಿಕೊಂಡಿದ್ದರು. ಪಕ್ಕದ ಸ್ಟೂಲಿನಲ್ಲಿ ಪೋಕರ್ ಬ್ಯಾರಿ. ಎದುರಿಗೆ ಒದ್ದೆ ಹುಲ್ಲು, ಒಂದೆರಡು ಕಪ್ಪೆ. ನೋಡಲು ಮತ್ತೇನೂ ಇರಲಿಲ್ಲ.

ಬ್ಯಾರಿಗೆ ಫೋನು ಬಂತು. ದುಬೈಯಲ್ಲಿರುವ ಮಗ ಶಾನವಾಝ್. ಊರಿನಲ್ಲಿ ಮನೆ ಕಟ್ಟುವ ಮಾತು. ಕುರುಚಲಿನ ಆ ಜಾಗವೇ ಆಗಬೇಕು, ಮಳೆ ಬಿಟ್ಟ ಕೂಡಲೇ ಸಮತಟ್ಟು ಮಾಡಿಸಿ ಎನ್ನುತ್ತಿದ್ದ. ಬ್ಯಾರಿ ಭಾಷೆ ರೈಗಳಿಗೆ ಅರ್ಧ ತಿಳಿಯುತ್ತದೆ. ಆ ಅರ್ಧದಲ್ಲಿ ಇಷ್ಟು ತಿಳಿಯಿತು. ಪೋಕರ್ ಬ್ಯಾರಿ ಎಲ್ಲ ಕೇಳಿ, "ಇಲ್ಲಿ ಆಗ್ಲಿಕ್ಕಿಲ್ಲ ಮಗಾ, ಮಾರ್ಗದ ಬದಿಯದ್ದರಲ್ಲಿ ಕಟ್ಟು. ಇಲ್ಲಿ ಹಾವುಂಟು" ಎಂದು ಫೋನಿಟ್ಟರು.

ರೈಗಳು ಅವರ ಕಡೆ ತಿರುಗಿದರು. "ಎಲ್ಲಿ ಉಂಟು ಪೋಕರಾಕ? ಒಂದೂ ಇಲ್ಲವಲ್ಲ."

"ಈಗ ಇಲ್ಲ" ಎಂದರು ಪೋಕರ್ ಬ್ಯಾರಿ, ಕುರುಚಲಿನ ಮೇಲಿನ ಕಣ್ಣು ತೆಗೆಯದೆ. "ಎಲ್ಲಿಂದಾದ್ರೂ ಒಂದು ಬಂತು ಅಂತ ಇಟ್ಟುಕೊಳ್ಳಿ ರೈಗಳೇ. ಅಷ್ಟರಲ್ಲಿ ನಾವು ಮನೆ ಕಟ್ಟಿ ಆಗಿದ್ರೆ ಅದು ಎಲ್ಲಿಗೆ ಹೋಗುದು?"